ಬೆಳಗಾವಿ–ಹೈದರಾಬಾದ್ ವಿಮಾನದಲ್ಲಿ ಯಾವ ಬದಿಯ ಕಿಟಕಿ? ಆಲಮಟ್ಟಿ ಹಿನ್ನೀರು ಮತ್ತು ಕೂಡಲಸಂಗಮ ಕಾಣುವ ಕುರಿತು

ನವನಗರದ ನಿವಾಸಿ, ಬಾಗಲಕೋಟೆ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಬರುವ ಅಕ್ಟೋಬರ್ ಕೊನೆಯ ವಾರದಲ್ಲಿ ನಮ್ಮ ಅವ್ವನನ್ನು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ, ತಂಗಿಯ ಮನೆಗೆ, ವಿಮಾನದಲ್ಲಿ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವರು ಈವರೆಗೆ ವಿಮಾನ ಹತ್ತಿದವರಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿದಾಗ ನಮ್ಮ ಮನೆಯೂ ಮುಳುಗಡೆಯಾಯಿತು. ಆ ನೀರು ಮೇಲಿನಿಂದ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕು, ಸಾಧ್ಯವಾದರೆ ಕೂಡಲಸಂಗಮವನ್ನೂ ನೋಡಬೇಕು ಎಂಬುದು ಅವರ ಆಸೆ. ಸೀಟು ಆರಿಸುವ ಪುಟದಲ್ಲಿ ಅಕ್ಷರ, ಅಂಕಿ ಮತ್ತು ಹೆಚ್ಚುವರಿ ಶುಲ್ಕ ಬಿಟ್ಟರೆ ಬೇರಾವ ಮಾಹಿತಿಯೂ ಇಲ್ಲ. ಒಬ್ಬರು ಮುಂದಿನ ಸಾಲು ಎನ್ನುತ್ತಾರೆ, ಇನ್ನೊಬ್ಬರು ಎಲ್ಲಿ ಕುಳಿತರೂ ಒಂದೇ ಎನ್ನುತ್ತಾರೆ. ಈ ದಾರಿಯಲ್ಲಿ ಹೋಗಿಬಂದವರು ಅಥವಾ ನಕಾಶೆ ಬಲ್ಲವರು ದಯವಿಟ್ಟು ತಿಳಿಸಿ. ಶುಲ್ಕ ಕೊಡಲು ನನ್ನ ಅಭ್ಯಂತರವಿಲ್ಲ, ಆದರೆ ಕೊಟ್ಟ ಹಣಕ್ಕೆ ಬರೀ ರೆಕ್ಕೆ ನೋಡಿಕೊಂಡು ಕೂರುವಂತಾಗಬಾರದು.

ಟಿಳಕವಾಡಿಯ ಪ್ರಯಾಣಿಕ, ಬೆಳಗಾವಿ

ಮೊದಲು ಅಕ್ಷರಗಳ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿಯೇ ಬಹಳ ಜನ ಎಡವುತ್ತಾರೆ. ವಿಮಾನದ ಮೂತಿಯತ್ತ ಮುಖ ಮಾಡಿ ಕುಳಿತಾಗ ಎಡಗಡೆಯ ಕಿಟಕಿ ಯಾವಾಗಲೂ ‘ಎ’. ಬಲಗಡೆಯ ಕಿಟಕಿಗೆ ಆ ಸಾಲಿನ ಕೊನೆಯ ಅಕ್ಷರ ಇರುತ್ತದೆ. ಒಂದೊಂದು ಬದಿಗೆ ಮೂರು ಸೀಟುಗಳಿರುವ ವಿಮಾನದಲ್ಲಿ ಅದು ‘ಎಫ್’. ಎರಡನೆಯದಾಗಿ, ಬೆಳಗಾವಿಗೆ ಬರುವ ವಿಮಾನಗಳೆಲ್ಲ ಒಂದೇ ಮಾದರಿಯವಲ್ಲ. ಪಂಖಗಳಿರುವ ಎಟಿಆರ್ ಇದೆ, ಎಂಬ್ರೇಯರ್ ಇದೆ, ದೊಡ್ಡ ಏರ್‌ಬಸ್ ಕೂಡ ಬರುತ್ತದೆ. ಟಿಕೆಟ್ ಕಾದಿರಿಸುವಾಗ ಸಣ್ಣ ಅಕ್ಷರದಲ್ಲಿ ವಿಮಾನದ ಮಾದರಿಯನ್ನು ಬರೆದಿರುತ್ತಾರೆ. ಅದನ್ನು ನೋಡದೆ ಸಾಲಿನ ಸಂಖ್ಯೆಯ ಬಗ್ಗೆ ಚರ್ಚಿಸುವುದರಿಂದ ಪ್ರಯೋಜನವಿಲ್ಲ.

ಭೂಗೋಳದ ನಿವೃತ್ತ ಶಿಕ್ಷಕ, ವಿಜಯಪುರ

ತಮ್ಮಾ, ನಿಮ್ಮ ಪ್ರಶ್ನೆ ಬಹಳ ಚೆನ್ನಾಗಿದೆ. ಇದಕ್ಕೆ ಉತ್ತರ ವಿಮಾನದ ಒಳಗಿಲ್ಲ, ನಕಾಶೆಯಲ್ಲಿದೆ. ಸಾಂಬ್ರಾದಿಂದ ಹೈದರಾಬಾದಿನ ಶಂಷಾಬಾದಿಗೆ ಒಂದು ನೇರ ಗೆರೆ ಎಳೆಯಿರಿ. ಅದು ಪೂರ್ವಕ್ಕೆ ಹೋಗುತ್ತ ಸ್ವಲ್ಪ ಉತ್ತರಕ್ಕೆ ವಾಲುತ್ತದೆ. ಹಾಗಾಗಿ ನಿಮ್ಮ ಎಡಗೈ ಕಡೆ ಗೋಕಾಕ, ಮುಧೋಳ, ಜಮಖಂಡಿ, ವಿಜಯಪುರ ಬರುತ್ತವೆ. ಬಲಗೈ ಕಡೆ ಸವದತ್ತಿ, ಬಾದಾಮಿ, ಗುಳೇದಗುಡ್ಡ, ಕೂಡಲಸಂಗಮ ಬರುತ್ತವೆ.

ಇನ್ನು ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಗೆರೆಯ ಮೇಲೆಯೇ ಇರುವ ಊರು ಕಿಟಕಿಯಲ್ಲಿ ಕಾಣುವುದಿಲ್ಲ. ಕುಳಿತವನ ನೋಟ ನೇರ ಕೆಳಕ್ಕೆ ಇಳಿಯುವುದಿಲ್ಲ. ವಿಮಾನ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟು ಅಂತರದ ಒಳಗಿನ ನೆಲ ಕಿಟಕಿಯ ಅಂಚಿನ ಕೆಳಗೆ ಅಡಗಿರುತ್ತದೆ. ಆ ಎತ್ತರದ ಐದಾರು ಪಟ್ಟು ದೂರವನ್ನು ದಾಟಿದರೆ ನೆಲ ಚಪ್ಪಟೆಯಾಗಿ, ಧೂಳು ಮತ್ತು ಮಂಜಿನಲ್ಲಿ ಮಸುಕಾಗುತ್ತದೆ. ಎಟಿಆರ್ ವಿಮಾನ ಐದಾರು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆಂದು ಹಿಡಿದರೆ, ಗೆರೆಯಿಂದ ಆರು ಕಿಲೋಮೀಟರಿನಿಂದ ಮೂವತ್ತು–ಮೂವತ್ತೈದು ಕಿಲೋಮೀಟರಿನವರೆಗಿನ ಪಟ್ಟಿಯೇ ನಿಮ್ಮ ನೋಟದ ಹೊಲ. ಆ ಪಟ್ಟಿಯಲ್ಲಿ ಯಾವ ಬದಿಗೆ ಏನಿದೆ ಎಂಬುದನ್ನು ನೋಡಿ ಸೀಟು ಆರಿಸಬೇಕು.

ಈ ಲೆಕ್ಕದಲ್ಲಿ ಬಲಬದಿಯೇ ಶ್ರೀಮಂತವಾಗಿದೆ. ಹಾರಿದ ಕೆಲವೇ ನಿಮಿಷಗಳಲ್ಲಿ, ಗೆರೆಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಬಲಕ್ಕೆ, ಸವದತ್ತಿಯ ರೇಣುಕಾಸಾಗರ ಬರುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದ ಬಳಿ ಕಲ್ಲಿನ ಗುಡ್ಡಸಾಲನ್ನು ಕೊರೆದುಕೊಂಡು ಹೋಗುವ ಸಂದಿಯಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ನೆಲದ ಮೇಲೆ ನಿಂತಾಗ ಆ ಸಂದಿ ಮಾತ್ರ ಕಾಣುತ್ತದೆ. ಗುಡ್ಡದ ಗೋಡೆ ಎಷ್ಟು ಉದ್ದ, ಹೊಳೆ ಅದನ್ನು ಎಲ್ಲಿ ಸೀಳಿದೆ ಎಂಬುದು ಮೇಲಿನಿಂದ ನೋಡಿದಾಗ ಅರ್ಥವಾಗುತ್ತದೆ. ಅದರ ನಂತರ ಗುಳೇದಗುಡ್ಡ ಮತ್ತು ಬಾದಾಮಿಯ ಕೆಂಪು ಮರಳುಗಲ್ಲಿನ ಸಾಲುಗಳು. ನಾನು ಮಕ್ಕಳಿಗೆ ಪಾಠ ಹೇಳುವಾಗ ದಖನ್ನಿನ ಕಪ್ಪು ಶಿಲೆಯ ನಾಡು ಮುಗಿದು ಕಲಾದಗಿಯ ಮರಳುಗಲ್ಲಿನ ನಾಡು ಆರಂಭವಾಗುವ ಗಡಿಯನ್ನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸುತ್ತಿದ್ದೆ. ಈ ದಾರಿಯಲ್ಲಿ ಎಡಕ್ಕೆ ಎರೆ ಹೊಲಗಳು, ಬಲಕ್ಕೆ ಕೆಂಪು ಗುಡ್ಡಗಳು ಇರುವುದರಿಂದ ಆ ಪಾಠವೇ ಕೆಳಗೆ ಹರಡಿಕೊಂಡಿರುತ್ತದೆ.

ಈಗ ನಿಮ್ಮ ಊರಿಗೆ ಬರೋಣ. ಬಾಗಲಕೋಟೆ ನೇರ ಗೆರೆಯಿಂದ ಆರೇಳು ಕಿಲೋಮೀಟರ್ ಮಾತ್ರ ಬಲಕ್ಕಿದೆ. ಅಂದರೆ ನೋಟದ ಪಟ್ಟಿಯ ಒಳ ಅಂಚಿನಲ್ಲಿ. ಕಿಟಕಿಗೆ ಹಣೆ ಹತ್ತಿರ ತಂದು ಕೆಳಗೆ ನೋಡಿದರೆ ಘಟಪ್ರಭೆಯ ಕಡೆಯ ಹಿನ್ನೀರು, ಹಳೆಯ ಊರು, ನವನಗರದ ಅಚ್ಚುಕಟ್ಟಾದ ರಸ್ತೆಗಳು ಒಂದೇ ನೋಟಕ್ಕೆ ಸಿಗಬೇಕು. ಆಲಮಟ್ಟಿ ಅಣೆಕಟ್ಟು ಹೆಚ್ಚುಕಡಿಮೆ ಗೆರೆಯ ಕೆಳಗೇ ಬರುವುದರಿಂದ ಕಟ್ಟೆ ಕಾಣದೆ ಹೋಗಬಹುದು, ಆದರೆ ಅಲ್ಲಿಂದ ವಾಯವ್ಯಕ್ಕೆ ಚಾಚಿರುವ ಕೃಷ್ಣೆಯ ಹಿನ್ನೀರಿನ ದೊಡ್ಡ ಹರವು ಎಡಬದಿಯವರಿಗೆ ಸೇರಿದ್ದು. ಕೂಡಲಸಂಗಮ ಬಲಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ನೀರಿನ ಆಕಾರ ಚೆನ್ನಾಗಿ ಕಾಣುತ್ತದೆ, ಐಕ್ಯಮಂಟಪವನ್ನು ಗುರುತಿಸುವ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆದ್ದರಿಂದ ನಿಮ್ಮ ಅವ್ವನವರು ನೋಡಬೇಕಾಗಿರುವುದು ತಮ್ಮ ಊರಿನ ನೀರಾದರೆ ಬಲಬದಿ. ಇಡೀ ಜಲಾಶಯ ಎಷ್ಟು ದೊಡ್ಡದೆಂದು ನೋಡಬೇಕಾದರೆ ಎಡಬದಿ. ನನ್ನನ್ನು ಕೇಳಿದರೆ ಬಲಬದಿ.

ಕ್ಯಾಮೆರಾದವ, ಗೋಕಾಕ

ಗುರುಗಳ ನಕಾಶೆಯ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಬಿಸಿಲಿನ ಲೆಕ್ಕವನ್ನು ಅವರು ಮುಟ್ಟಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪೂರ್ವಕ್ಕೆ ಹೋಗುವ ವಿಮಾನದಲ್ಲಿ ಬೆಳಿಗ್ಗೆ ಆತ ಬಲಗಡೆಯ ಮುಂಭಾಗದಲ್ಲಿರುತ್ತಾನೆ, ಮಧ್ಯಾಹ್ನ ಸರಿಯಾಗಿ ಬಲಕ್ಕೆ ಬರುತ್ತಾನೆ, ಇಳಿಹೊತ್ತಿನಲ್ಲಿ ಬಲಗಡೆಯ ಹಿಂಭಾಗಕ್ಕೆ ಸರಿಯುತ್ತಾನೆ. ಅಂದರೆ ಹಗಲಿನ ಬಹುಪಾಲು ಹೊತ್ತು ಝಳವೆಲ್ಲ ಬಲಬದಿಗೆ. ಬಿಸಿಲಿಗೆ ಎದುರಾಗಿ ನೋಡಿದಾಗ ಗಾಳಿಯಲ್ಲಿರುವ ಧೂಳಿನ ಕಣಗಳೇ ಬೆಳಗುತ್ತವೆ, ನೆಲದ ಬಣ್ಣ ಸತ್ತುಹೋಗುತ್ತದೆ, ಕಿಟಕಿಯ ಮೇಲಿನ ಪ್ರತಿಯೊಂದು ಗೀರೂ ಎದ್ದು ಕಾಣುತ್ತದೆ. ಎಡಬದಿಯಲ್ಲಿ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಘಟಪ್ರಭೆಯ ಬಯಲಿನ ಕಬ್ಬಿನ ಹಸಿರು, ಎರೆಮಣ್ಣಿನ ಕಪ್ಪು, ಕಾಲುವೆಯ ಗೆರೆಗಳು ಸ್ವಚ್ಛವಾಗಿ ಕಾಣುತ್ತವೆ. ಚಿತ್ರ ತೆಗೆಯುವವನಾಗಿ ಹೇಳುವುದಾದರೆ ನಾನು ಎಡಬದಿ ಬಿಟ್ಟು ಬೇರೆ ಆರಿಸುವುದಿಲ್ಲ.

ಭೂಗೋಳದ ನಿವೃತ್ತ ಶಿಕ್ಷಕ, ವಿಜಯಪುರ

ಬಿಸಿಲಿನ ಮಾತು ಸರಿಯಾಗಿದೆ, ಆದರೆ ಅದರಿಂದ ಬರುವ ತೀರ್ಮಾನ ಎಲ್ಲ ನೋಟಕ್ಕೂ ಹೊಂದುವುದಿಲ್ಲ. ಬಿಸಿಲಿಗೆ ಎದುರಾಗಿ ನೋಡುವಾಗ ಹೊಲ ಮಂಕಾಗುತ್ತದೆ ನಿಜ, ಆದರೆ ಅದೇ ಕೋನದಲ್ಲಿ ನೀರು ಬೆಳಕನ್ನು ನೇರವಾಗಿ ಕಣ್ಣಿಗೆ ಹಿಂದಿರುಗಿಸುತ್ತದೆ. ಕೆರೆ, ಕೃಷಿ ಹೊಂಡ, ಹಳ್ಳ, ಹೊಳೆ ಒಂದರ ಹಿಂದೆ ಒಂದು ಹೊತ್ತಿಕೊಂಡು ಆರಿಹೋಗುತ್ತವೆ. ಸೂರ್ಯ ಬೆನ್ನಿಗಿದ್ದಾಗ ನೆಲದ ಬಣ್ಣ ಚೆಂದ, ಎದುರಿಗಿದ್ದಾಗ ನೀರಿನ ಆಕಾರ ಸ್ಪಷ್ಟ. ನೀರನ್ನೇ ನೋಡಬಯಸುವ ತಾಯಿಗೆ ನಾನು ಬಲಬದಿಯನ್ನು ಹೇಳಿದ್ದು ಇದಕ್ಕಾಗಿಯೂ ಹೌದು. ಕ್ಯಾಮೆರಾಗೆ ಸೀಟು ಆರಿಸುವುದು ಬೇರೆ, ಕಣ್ಣಿಗೆ ಸೀಟು ಆರಿಸುವುದು ಬೇರೆ.

ಬಿಸಿಲಿನ ಬಗ್ಗೆ ನಮ್ಮ ಭಾಗದವರು ತಿಳಿದಿರಬೇಕಾದ ಮತ್ತೊಂದು ವಿಷಯವಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ಉತ್ತರ ದಿಕ್ಕಿನಲ್ಲಿರುತ್ತಾನೆ. ಆಗ ಎಡ–ಬಲದ ಈ ಲೆಕ್ಕ ಮಧ್ಯಾಹ್ನದ ಹೊತ್ತಿಗೆ ತಿರುಗುಮುರುಗಾಗುತ್ತದೆ. ‘ದಕ್ಷಿಣಕ್ಕೆ ಬಿಸಿಲು’ ಎಂಬುದನ್ನು ವರ್ಷವಿಡೀ ಅನ್ವಯಿಸಬಾರದು.

ಕ್ಯಾಮೆರಾದವ, ಗೋಕಾಕ

ನೀರು ಹೊಳೆಯುವುದು ಹೌದು, ಗುರುಗಳೇ, ಆದರೆ ಆ ಹೊಳಪು ಒಂದು ಕ್ಷಣದ್ದು; ವಿಮಾನ ಮುಂದೆ ಸರಿದಂತೆ ಅದೂ ಸರಿಯುತ್ತದೆ. ಬೆಳಿಗ್ಗೆಯ ವಿಮಾನವಾದರೆ ಹೊಳಪು ಮುಂದಿನ ದಿಕ್ಕಿಗಿರುತ್ತದೆ, ಕುಳಿತವರಿಗೆ ಅದು ಓರೆಯಲ್ಲಿ ಸಿಗುತ್ತದೆ ಅಷ್ಟೇ. ನಾನು ಎಡಬದಿಯವನೇ. ಆದರೂ ಪ್ರಶ್ನೆ ಕೇಳಿದವರಿಗೆ ಬೇಕಾಗಿರುವ ಊರು ಬಲಕ್ಕಿದೆ ಎಂಬುದು ಮುಖ್ಯ, ಅದರಲ್ಲಿ ವಾದವಿಲ್ಲ. ಎಡಕ್ಕೆ ಕುಳಿತರೆ ಎಷ್ಟೇ ಬೆಳಕಿದ್ದರೂ ಬಾಗಲಕೋಟೆ ಕಾಣಲಾರದು.

ವಿಮಾನ ತಂತ್ರಜ್ಞ, ಮೂಲ ಅಥಣಿ, ಈಗ ಬೆಂಗಳೂರು

ಬದಿಯ ವಿಷಯವನ್ನು ಹಿರಿಯರು ಇತ್ಯರ್ಥ ಮಾಡಿದ್ದಾರೆ. ಸಾಲಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಇದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಎಟಿಆರ್ 72 ವಿಮಾನದ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಹೀಗಾಗಿ ರೆಕ್ಕೆಯ ಕೆಳಗೆ ಕುಳಿತವರಿಗೂ ನೆಲ ಕಾಣುತ್ತದೆ. ಆಕಾಶದ ಒಂದು ಭಾಗ ಮಾತ್ರ ಮರೆಯಾಗುತ್ತದೆ. ನೆಲವನ್ನು ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯಾಣಿಕ ವಿಮಾನ ನಮ್ಮ ದೇಶದ ಊರುಗಳಿಗೆ ಬರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದರ ಗರಿಷ್ಠ ಎತ್ತರವೇ 25,000 ಅಡಿ, ಸಣ್ಣ ದೂರಕ್ಕೆ ಅದಕ್ಕಿಂತ ಸಾಕಷ್ಟು ಕೆಳಗೇ ಹಾರುತ್ತದೆ. ವೇಗವೂ ಗಂಟೆಗೆ ಸುಮಾರು 500 ಕಿಲೋಮೀಟರ್ ಮಾತ್ರ. ಏರ್‌ಬಸ್ 35,000 ಅಡಿಯಲ್ಲಿ ಓಡುವಾಗ ಒಂದು ಕೆರೆ ಕಣ್ಣಿಗೆ ಬಿದ್ದು ಹೆಸರು ನೆನಪಾಗುವಷ್ಟರಲ್ಲಿ ಹಿಂದೆ ಹೋಗಿರುತ್ತದೆ. ಎಟಿಆರ್‌ನಲ್ಲಿ ತಪ್ಪಿಸಬೇಕಾದದ್ದು ಎಂಜಿನ್ ಮತ್ತು ಪಂಖದ ನೇರಕ್ಕೆ ಬರುವ ಸಾಲುಗಳನ್ನು. ರೆಕ್ಕೆಗಿಂತ ಸ್ವಲ್ಪ ಮುಂದಿರುವ ಆ ಸಾಲುಗಳಲ್ಲಿ ಸದ್ದೂ ಹೆಚ್ಚು, ನೋಟದ ಅರ್ಧವನ್ನು ಎಂಜಿನ್ನಿನ ಗೂಡು ಮುಚ್ಚುತ್ತದೆ. ರೆಕ್ಕೆಯ ಹಿಂದಿನ ಸಾಲುಗಳು ಉತ್ತಮ. ಪ್ರಯಾಣಿಕರು ಹತ್ತುವ ಬಾಗಿಲೂ ಹಿಂಭಾಗದಲ್ಲಿರುವುದರಿಂದ ವಯಸ್ಸಾದವರು ಒಳಗೆ ಹೆಚ್ಚು ನಡೆಯಬೇಕಾಗಿಲ್ಲ.

ಎಂಬ್ರೇಯರ್ 145 ಆದರೆ ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು. ಎಡಗಡೆಯ ಒಂಟಿ ಸೀಟಿಗೆ ಕಿಟಕಿಯೂ ಇದೆ, ನಡೆದಾಡುವ ದಾರಿಯೂ ಪಕ್ಕದಲ್ಲೇ ಇದೆ. ಒಬ್ಬರೇ ಹೋಗುವವರಿಗೆ ಅದು ಅನುಕೂಲ. ಎಂಜಿನ್ನುಗಳು ಬಾಲದ ಬಳಿ ಇರುವುದರಿಂದ ಕೊನೆಯ ಸಾಲುಗಳನ್ನು ಬಿಡಿ, ರೆಕ್ಕೆ ಕೆಳಭಾಗದಲ್ಲಿರುವುದರಿಂದ ಮುಂದಿನ ಸಾಲುಗಳನ್ನು ಹಿಡಿಯಿರಿ. ಏರ್‌ಬಸ್ 320ರಲ್ಲಿ ರೆಕ್ಕೆ ನಡುವಿನ ಬಹಳಷ್ಟು ಸಾಲುಗಳನ್ನು ನುಂಗುತ್ತದೆ; ಮೊದಲ ಏಳೆಂಟು ಸಾಲು ಅಥವಾ ತೀರ ಹಿಂದಿನ ಸಾಲುಗಳು ಸರಿ. ಹಿಂದೆ ಕುಳಿತರೆ ಎಂಜಿನ್ನಿನ ಬಿಸಿಗಾಳಿಯ ಮೂಲಕ ನೋಡಬೇಕಾಗುವುದರಿಂದ ಒಂದು ಕಡೆಯ ದೃಶ್ಯ ನಡುಗುತ್ತಿರುತ್ತದೆ, ಚಿತ್ರ ತೆಗೆಯುವವರಿಗೆ ಅದು ಕಿರಿಕಿರಿ.

ಇನ್ನೊಂದು ವಿಷಯವನ್ನು ಸೀಟಿನ ನಕ್ಷೆ ಎಂದೂ ತಿಳಿಸುವುದಿಲ್ಲ. ಕಿಟಕಿಗಳ ನಡುವಿನ ಅಂತರ ವಿಮಾನದ ಚೌಕಟ್ಟನ್ನು ಅವಲಂಬಿಸಿ ನಿಗದಿಯಾಗಿರುತ್ತದೆ. ಸೀಟುಗಳ ನಡುವಿನ ಅಂತರವನ್ನು ವಿಮಾನಯಾನ ಕಂಪನಿ ತನಗೆ ಬೇಕಾದಂತೆ ಇಟ್ಟುಕೊಳ್ಳುತ್ತದೆ. ಇವೆರಡೂ ಹೊಂದುವುದಿಲ್ಲವಾದ್ದರಿಂದ ಕೆಲವು ‘ಕಿಟಕಿ ಸೀಟು’ಗಳ ಪಕ್ಕ ಬರೀ ಗೋಡೆ ಬರುತ್ತದೆ. ಬೋಯಿಂಗ್ 737ರಲ್ಲಂತೂ ರೆಕ್ಕೆಗಿಂತ ಮುಂದೆ ಗೋಡೆಯೊಳಗೆ ತಂಪುಗಾಳಿಯ ಕೊಳವೆ ಹಾದುಹೋಗುವ ಜಾಗದಲ್ಲಿ ಕಿಟಕಿಯನ್ನೇ ಇಟ್ಟಿಲ್ಲ. ಅಲ್ಲಿ ಕುಳಿತವರು ಶುಲ್ಕ ಕೊಟ್ಟು ಪ್ಲಾಸ್ಟಿಕ್ ಗೋಡೆಯನ್ನು ನೋಡುತ್ತಾರೆ.

ನವನಗರದ ನಿವಾಸಿ, ಬಾಗಲಕೋಟೆ

ಎಲ್ಲರಿಗೂ ಕೃತಜ್ಞತೆಗಳು. ಟಿಕೆಟಿನಲ್ಲಿ ನೋಡಿದೆ, ಎಟಿಆರ್ ಎಂದೇ ಇದೆ. ಎರಡು ಸಂದೇಹಗಳು ಉಳಿದಿವೆ. ವಿಮಾನ ನಿಜವಾಗಿ ಆ ನೇರ ಗೆರೆಯ ಮೇಲೆಯೇ ಹೋಗುತ್ತದೆಯೇ? ಹಾಗೆಯೇ, ಅವ್ವನಿಗೆ ಮೊಣಕಾಲು ನೋವಿದೆ. ಕಾಲು ಚಾಚಲು ಜಾಗವಿರುವ ತುರ್ತು ನಿರ್ಗಮನದ ಸಾಲನ್ನು ಕೊಡಿಸಬಹುದೇ?

ವಿಮಾನ ತಂತ್ರಜ್ಞ, ಮೂಲ ಅಥಣಿ, ಈಗ ಬೆಂಗಳೂರು

ತುರ್ತು ನಿರ್ಗಮನದ ಸಾಲು ಅವರಿಗೆ ಸಿಗುವುದಿಲ್ಲ. ಅವಘಡವಾದರೆ ಆ ಬಾಗಿಲನ್ನು ತೆರೆಯುವ ಹೊಣೆ ಅಲ್ಲಿ ಕುಳಿತವರದು. ವಯಸ್ಸಾದವರು, ಮಕ್ಕಳು, ಗರ್ಭಿಣಿಯರು, ಓಡಾಡಲು ಕಷ್ಟವಿರುವವರನ್ನು ಅಲ್ಲಿ ಕೂರಿಸುವುದಿಲ್ಲ. ಶುಲ್ಕ ಕೊಟ್ಟಿದ್ದರೂ ಗಗನಸಖಿಯರು ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ.

ದಾರಿಯ ವಿಷಯ ಹೇಳುವುದಾದರೆ, ವಿಮಾನ ನೇರ ಗೆರೆಗೆ ಹತ್ತಿರವಾಗಿ ಹೋಗುತ್ತದೆ, ಅದರ ಮೇಲೆಯೇ ಹೋಗುತ್ತದೆಂಬ ಖಾತರಿಯಿಲ್ಲ. ಮೋಡ, ಎದುರು ಬರುವ ವಿಮಾನ, ನಿಯಂತ್ರಣ ಕೊಠಡಿಯ ಸೂಚನೆ ಇವುಗಳಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆಗುವುದುಂಟು. ಹಾರಾಟದ ಜಾಡು ತೋರಿಸುವ ಜಾಲತಾಣಗಳಲ್ಲಿ ಅದೇ ಸಂಖ್ಯೆಯ ವಿಮಾನ ಹಿಂದಿನ ವಾರ ಯಾವ ದಾರಿ ಹಿಡಿದಿತ್ತೆಂದು ನೋಡಬಹುದು. ನಕಾಶೆಯಲ್ಲಿ ಗೆರೆ ಎಳೆಯುವುದಕ್ಕಿಂತ ಅದು ನಂಬಲರ್ಹ.

ಇನ್ನು ಹಾರುವ ಮತ್ತು ಇಳಿಯುವ ಹೊತ್ತಿನ ನೋಟ ಗಾಳಿಯನ್ನು ಅವಲಂಬಿಸಿದೆ. ಸಾಂಬ್ರಾದ ರನ್‌ವೇಯ ಎರಡು ತುದಿಗಳಿಗೆ 08 ಮತ್ತು 26 ಎಂಬ ಸಂಖ್ಯೆಗಳಿವೆ. ಅವು ದಿಕ್ಸೂಚಿಯ ಸುಮಾರು 80 ಮತ್ತು 260 ಡಿಗ್ರಿಗಳನ್ನು ಸೂಚಿಸುತ್ತವೆ, ಅಂದರೆ ಹೆಚ್ಚುಕಡಿಮೆ ಪೂರ್ವ ಮತ್ತು ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ. ಮಳೆಗಾಲದ ಪಡುವಣ ಗಾಳಿಯಿದ್ದಾಗ ಪಶ್ಚಿಮಕ್ಕೆ, ಅಂದರೆ ಬೆಳಗಾವಿ ನಗರದ ಕಡೆಗೆ, ಏರಿ ಆಮೇಲೆ ತಿರುಗಬೇಕಾಗುತ್ತದೆ. ಮೂಡಣ ಗಾಳಿಯಿದ್ದರೆ ಹೈದರಾಬಾದಿನ ದಾರಿ ನೇರವಾಗಿಯೇ ಸಿಗುತ್ತದೆ. ಇದನ್ನು ಮೊದಲೇ ಊಹಿಸಿ ಸೀಟು ಕೊಳ್ಳುವುದು ಜೂಜಾಟವೇ ಸರಿ.

ಶಹಾಪುರದ ವೈದ್ಯೆ, ಬೆಳಗಾವಿ

ಮೊಣಕಾಲು ನೋವಿನವರಿಗೆ ಎಟಿಆರ್‌ನ ಎರಡು–ಎರಡು ಸೀಟಿನ ವ್ಯವಸ್ಥೆ ಒಳ್ಳೆಯದು. ಅವರು ಕಿಟಕಿಗೆ ಕುಳಿತು ನೀವು ಪಕ್ಕದಲ್ಲಿ ಕುಳಿತರೆ ಎದ್ದೇಳಲು ಅಪರಿಚಿತರನ್ನು ಕೇಳುವ ಸಂಕೋಚ ಇರುವುದಿಲ್ಲ. ಏರುವಾಗಲೂ ಇಳಿಯುವಾಗಲೂ ಕಿವಿ ಕಟ್ಟಿದಂತಾದರೆ ಪೆಪ್ಪರಮಿಂಟ್ ಚಪ್ಪರಿಸಲು ಹೇಳಿ, ಮತ್ತೆ ಮತ್ತೆ ಉಗುಳು ನುಂಗಿದರೆ ಸರಿಹೋಗುತ್ತದೆ. ಕಣ್ಣಿನ ಪೊರೆ ಇದ್ದರೆ ಬಲಬದಿಯ ಬಿಸಿಲಿನ ಝಳ ಬಹಳ ಕಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಚರ್ಚೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ತಂಪು ಕನ್ನಡಕ, ಅಂಚಿರುವ ಟೋಪಿ ಜೊತೆಗಿರಲಿ.

ಖಾನಾಪುರದ ವಿದ್ಯಾರ್ಥಿ

ಇದೇ ಚರ್ಚೆಯಲ್ಲಿ ಕೇಳಬಹುದೇ? ಮುಂಬೈಗೆ ಹೋಗುವುದಾದರೆ ಸಹ್ಯಾದ್ರಿ ಚೆನ್ನಾಗಿ ಕಾಣುವ ಬದಿ ಯಾವುದು?

ಕ್ಯಾಮೆರಾದವ, ಗೋಕಾಕ

ಬೆಳಗಾವಿಯಿಂದ ಮುಂಬೈ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿದೆ. ಎಡಬದಿಗೆ ಘಟ್ಟದ ಅಂಚು, ಅದರಾಚೆ ಕೊಂಕಣದ ತಗ್ಗು, ಗಾಳಿ ಸ್ವಚ್ಛವಿದ್ದ ದಿನ ಸಮುದ್ರದ ಗೆರೆ. ಬಲಬದಿಗೆ ಕೃಷ್ಣೆಯ ಬಯಲು. ಬೆಳಿಗ್ಗೆಯ ವಿಮಾನವಾದರೆ ಎರಡು ಮಾತಿಲ್ಲದೆ ಎಡಬದಿ, ಏಕೆಂದರೆ ಸೂರ್ಯ ಬೆನ್ನಿಗಿದ್ದು ಘಟ್ಟದ ಮಡಿಕೆಗಳ ಮೇಲೆ ಬೆಳಕು ಬೀಳುತ್ತದೆ. ಕೊಲ್ಹಾಪುರ ದಾಟಿದ ಮೇಲೆ ಬರುವ ಕೊಯ್ನಾ ಜಲಾಶಯ ಹೆಚ್ಚುಕಡಿಮೆ ಹಾದಿಯ ಕೆಳಗೇ ಇದೆ. ಅದು ಯಾವ ಬದಿಗೆ ಬೀಳುತ್ತದೆಂಬುದು ಆ ದಿನದ ಅದೃಷ್ಟ. ಸಂಜೆಯ ವಿಮಾನದಲ್ಲಿ ಎಡಬದಿಗೆ ಝಳವಿದ್ದರೂ ಸಮುದ್ರದ ಮೇಲಿನ ಸೂರ್ಯಾಸ್ತ ಅಲ್ಲಿಯೇ ಸಿಗುವುದು. ಮುಂಬೈಯಲ್ಲಿ ಪೂರ್ವದಿಂದ ಬಂದು ಇಳಿಯುವಾಗ ವಿಹಾರ ಮತ್ತು ಪವಾಯಿ ಕೆರೆಗಳು ಬಲಗಡೆಗೆ ಬರುತ್ತವೆ.

ಟಿಳಕವಾಡಿಯ ಪ್ರಯಾಣಿಕ, ಬೆಳಗಾವಿ

ಬೆಂಗಳೂರಿನ ದಾರಿಯ ಬಗ್ಗೆಯೂ ಒಂದು ಮಾತು ಇರಲಿ, ಏಕೆಂದರೆ ನಮ್ಮಲ್ಲಿ ಹೆಚ್ಚು ಜನ ಹೋಗುವುದು ಅಲ್ಲಿಗೇ. ಆಗ್ನೇಯಕ್ಕೆ ಹೋಗುವ ಈ ಹಾದಿ ಹುಬ್ಬಳ್ಳಿ ಮತ್ತು ಚಿತ್ರದುರ್ಗಗಳ ನೆತ್ತಿಯ ಮೇಲೆಯೇ ಸಾಗುವುದರಿಂದ, ಗುರುಗಳು ಹೇಳಿದ ಕಾರಣಕ್ಕೇ, ಆ ಎರಡೂ ಊರುಗಳು ಬಹುಮಟ್ಟಿಗೆ ಕಾಣುವುದಿಲ್ಲ. ಬಲಕ್ಕೆ ಕುಳಿತವರಿಗೆ ಹಿರಿಯೂರಿನ ವಾಣಿವಿಲಾಸ ಸಾಗರ ಸಿಗುತ್ತದೆ. ಎಡಕ್ಕೆ ಕುಳಿತವರು ಆರಂಭದಲ್ಲಿ ರೇಣುಕಾಸಾಗರವನ್ನು ನೋಡಬಹುದು. ಬೆಂಗಳೂರಿನಲ್ಲಿ ಪಶ್ಚಿಮಾಭಿಮುಖವಾಗಿ ಇಳಿದರೆ ನಂದಿಬೆಟ್ಟ ಬಲಕ್ಕೆ, ಪೂರ್ವಾಭಿಮುಖವಾಗಿ ಇಳಿದರೆ ಎಡಕ್ಕೆ. ದೆಹಲಿಯ ದಾರಿ ಉತ್ತರಕ್ಕಿರುವುದರಿಂದ ಅಲ್ಲಿ ಬಿಸಿಲಿನ ಲೆಕ್ಕವೊಂದೇ ಸಾಕು: ಬೆಳಿಗ್ಗೆ ಎಡ, ಸಂಜೆ ಬಲ.

ಜಮಖಂಡಿಯ ಚಾರಣಿಗ

ದೆಹಲಿಯಿಂದ ಮುಂದೆ ಹಿಮಾಲಯಕ್ಕೆ ಹೋಗುವವರಿಗೆ: ಲೇಹ್‌ಗೆ ಹೋಗುವಾಗ ಎಡಬದಿ ಹಿಡಿಯಿರಿ, 7,135 ಮೀಟರಿನ ನುನ್ ಮತ್ತು 7,077 ಮೀಟರಿನ ಕುನ್ ಶಿಖರಗಳು ಆ ಕಡೆಗಿವೆ, ಬೆಳಗಿನ ಬೆಳಕೂ ಬೆನ್ನಿಗಿರುತ್ತದೆ. ಬಾಗಡೋಗ್ರಾ ಅಥವಾ ಗುವಾಹಟಿಗೆ ಪೂರ್ವದತ್ತ ಹೋಗುವಾಗಲೂ ಎಡಬದಿಯೇ, ಏಕೆಂದರೆ ಪರ್ವತಗಳೆಲ್ಲ ಉತ್ತರಕ್ಕಿವೆ. ಇಲ್ಲಿ ಗುರುಗಳ ಮೂವತ್ತೈದು ಕಿಲೋಮೀಟರಿನ ಮಿತಿ ಅನ್ವಯಿಸುವುದಿಲ್ಲ. 8,586 ಮೀಟರಿನ ಕಾಂಚನಜುಂಗಾ ಕೆಳಗಿನ ಧೂಳಿನ ಪದರವನ್ನು ಮೀರಿ ನಿಲ್ಲುವುದರಿಂದ ನೂರಾರು ಕಿಲೋಮೀಟರ್ ದೂರದಿಂದಲೂ ಕಾಣುತ್ತದೆ. ಮರಳುವಾಗ ಎಲ್ಲವೂ ಬಲಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ.

ಸಾಂಬ್ರಾ ಗ್ರಾಮಸ್ಥ

ಒಂದು ಎಚ್ಚರಿಕೆಯ ಮಾತು. ನಮ್ಮ ನಿಲ್ದಾಣದ ಪಕ್ಕದಲ್ಲಿಯೇ ವಾಯುಪಡೆಯ ಕೇಂದ್ರವಿದೆ. ನೆಲದ ಮೇಲಿರುವಾಗ, ಏರುವಾಗ, ಇಳಿಯುವಾಗ ಆ ಕಡೆಗೆ ಮೊಬೈಲ್ ಹಿಡಿಯದಿರುವುದು ಒಳ್ಳೆಯದು. ಸೇನೆಯ ನಿಲ್ದಾಣಗಳಲ್ಲಿ ಚಿತ್ರ ತೆಗೆಯುವುದು ನಿಷಿದ್ಧ. ಸಾಮಾನ್ಯವಾಗಿ ಏರುವಾಗ ಮತ್ತು ಇಳಿಯುವಾಗ ಕಿಟಕಿಯ ಮುಚ್ಚಳ ತೆರೆದಿಡಲು ಹೇಳುತ್ತಾರೆ. ಆದರೆ ಪಶ್ಚಿಮ ಗಡಿಗೆ ಸಮೀಪದ ಸೇನಾ ನಿಲ್ದಾಣಗಳಲ್ಲಿ 10,000 ಅಡಿಯವರೆಗೆ ಅದನ್ನು ಮುಚ್ಚಿಡಬೇಕೆಂದು 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸೂಚಿಸಿತು. ಆ ಕಡೆಯ ಊರುಗಳಿಗೆ ಹೋಗುವವರು ಇಳಿಯುವಾಗಿನ ನೋಟವನ್ನು ನಂಬಿ ಶುಲ್ಕ ಕಟ್ಟುವ ಮೊದಲು ವಿಚಾರಿಸಿಕೊಳ್ಳಲಿ.

ವಿಜಯಪುರದ ವ್ಯಾಪಾರಿ

ಗುರುಗಳೇ, ಎಡಬದಿಗೆ ಕುಳಿತರೆ ನಮ್ಮ ಗೋಳಗುಮ್ಮಟ ಕಾಣುವುದಿಲ್ಲವೇ? ನಾಲ್ಕು ದಿಕ್ಕಿನಿಂದ ಹೆದ್ದಾರಿಯಲ್ಲಿ ಬರುವಾಗ ಮೊದಲು ಕಾಣುವುದೇ ಅದು.

ಭೂಗೋಳದ ನಿವೃತ್ತ ಶಿಕ್ಷಕ, ವಿಜಯಪುರ

ಕಾಣುವುದಿಲ್ಲವೆಂದೇ ತಿಳಿಯಿರಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ವಿಜಯಪುರ ಈ ಹಾದಿಯಿಂದ ಅರವತ್ತು ಕಿಲೋಮೀಟರಿಗಿಂತ ದೂರದಲ್ಲಿದೆ. ಅಷ್ಟು ದೂರದಿಂದ ಅದು ಒಂದು ಡಿಗ್ರಿಯ ಇಪ್ಪತ್ತೈದನೆಯ ಒಂದು ಭಾಗದಷ್ಟು ಮಾತ್ರ ಅಗಲ. ಒಳ್ಳೆಯ ಕಣ್ಣು ಅದನ್ನು ಚುಕ್ಕೆಯಾಗಿ ಹಿಡಿಯಬಲ್ಲದು ಎನ್ನೋಣ, ಆದರೆ ನಮ್ಮ ಬಯಲಿನ ಧೂಳು ಆ ಚುಕ್ಕೆಯನ್ನು ಉಳಿಸುವುದಿಲ್ಲ. ಹೆದ್ದಾರಿಯಿಂದ ಅದು ಕಾಣುವುದು ಆಕಾಶದ ಹಿನ್ನೆಲೆಯಲ್ಲಿ ಎದ್ದು ನಿಂತಿರುವುದರಿಂದ. ಮೇಲಿನಿಂದ ನೋಡುವಾಗ ಅದರ ಹಿಂದೆ ಆಕಾಶವಿಲ್ಲ, ಅದೇ ಬಣ್ಣದ ನೆಲವಿದೆ. ಗೋಕಾಕ ಜಲಪಾತಕ್ಕೂ ಇದೇ ಮಾತು. 52 ಮೀಟರಿನ ಧುಮುಕು ನೆಲದಿಂದ ಭವ್ಯ, ಮೇಲಿನಿಂದ ನೋಡಿದರೆ ಹೊಳೆಯ ಒಂದು ತಿರುವು. ವಿಮಾನದ ಕಿಟಕಿ ಅಡ್ಡಕ್ಕೆ ಹರಡಿರುವುದನ್ನು ತೋರಿಸುತ್ತದೆ, ಎತ್ತರಕ್ಕೆ ನಿಂತಿರುವುದನ್ನು ಮುಚ್ಚಿಡುತ್ತದೆ.

ಕ್ಯಾಮೆರಾದವ, ಗೋಕಾಕ

ಕಾಲದ ವಿಷಯದಲ್ಲಿ ಪ್ರಶ್ನೆ ಕೇಳಿದವರು ಒಳ್ಳೆಯ ತಿಂಗಳನ್ನೇ ಆರಿಸಿದ್ದಾರೆ. ಮಳೆ ಧೂಳನ್ನು ತೊಳೆದಿರುತ್ತದೆ, ಜಲಾಶಯ ತುಂಬಿರುತ್ತದೆ. 519.60 ಮೀಟರಿನ ಪೂರ್ಣ ಮಟ್ಟದಲ್ಲಿರುವ ಆಲಮಟ್ಟಿಯನ್ನೂ ಮೇ ತಿಂಗಳ ಆಲಮಟ್ಟಿಯನ್ನೂ ಒಂದೇ ಜಲಾಶಯವೆಂದು ಹೇಳುವುದು ಕಷ್ಟ. ಬೇಸಿಗೆಯಲ್ಲಿ ಹೋಗಿದ್ದರೆ ಅವ್ವನವರಿಗೆ ಬಿಳಿ ಮಸುಕಿನ ಕೆಳಗೆ ಒಣಗಿದ ದಂಡೆಗಳು ಸಿಗುತ್ತಿದ್ದವು. ಮಳೆಗಾಲದಲ್ಲಿ ಹೋಗುವವರು ನೆಲ ಕಾಣಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಸೂರ್ಯನಿಗೆ ವಿರುದ್ಧವಾದ ಬದಿಯಲ್ಲಿ ಕುಳಿತರೆ ಮೋಡದ ಮೇಲೆ ವಿಮಾನದ ನೆರಳು ಬೀಳುವ ಜಾಗದಲ್ಲಿ ಬಣ್ಣದ ಉಂಗುರಗಳು ಕಾಣುತ್ತವೆ. ಅದನ್ನು ಗ್ಲೋರಿ ಎನ್ನುತ್ತಾರೆ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವುದರಿಂದ ಹಾಗಾಗುತ್ತದೆ.

ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಫ್ಲಾಶ್ ಆರಿಸಿ, ಮಸೂರವನ್ನು ಕಿಟಕಿಗೆ ಹತ್ತಿರ ಹಿಡಿಯಿರಿ, ಆದರೆ ತಾಗಿಸಬೇಡಿ, ನಡುಕ ಬರುತ್ತದೆ. ಮಸೂರಕ್ಕೆ ಪೋಲರೈಸರ್, ಅಂದರೆ ಪ್ರತಿಫಲನ ತಗ್ಗಿಸುವ ಗಾಜು, ಹಾಕಿದ್ದರೆ ಕಳಚಿಡಿ. ಕಿಟಕಿಯ ಅಕ್ರಿಲಿಕ್ ಹಾಳೆಯಲ್ಲಿ ಅದು ಇಲ್ಲದ ಕಾಮನಬಿಲ್ಲನ್ನು ಎಬ್ಬಿಸುತ್ತದೆ.

ನವನಗರದ ನಿವಾಸಿ, ಬಾಗಲಕೋಟೆ

ಎಲ್ಲವನ್ನೂ ಓದಿ, ಜಾಡು ತೋರಿಸುವ ತಾಣದಲ್ಲಿ ಕಳೆದ ಕೆಲವು ದಿನಗಳ ಹಾದಿಯನ್ನೂ ನೋಡಿ, ಹೋಗುವಾಗ ಬಲಬದಿಯ ಹಿಂದಿನ ಸಾಲಿನ ಎರಡು ಸೀಟುಗಳನ್ನು ತೆಗೆದುಕೊಂಡಿದ್ದೇನೆ. ಹಾದಿ ಹೆಚ್ಚಿನ ದಿನ ಬಾಗಲಕೋಟೆಯ ಉತ್ತರಕ್ಕೇ ಬಿದ್ದಿದೆ. ವೈದ್ಯ ಅಕ್ಕನವರು ಹೇಳಿದಂತೆ ತಂಪು ಕನ್ನಡಕವನ್ನೂ ತರಿಸಿದೆ. ಮರಳುವ ವಿಮಾನ ಸಂಜೆಗಿದೆ. ಅದಕ್ಕೂ ಬಲಬದಿಯೇ ಇರಲಿ ಎಂದು ತಂಗಿ ಹೇಳುತ್ತಿದ್ದಾಳೆ, ಆದರೆ ಬರುವಾಗ ಊರು ಎಡಕ್ಕೆ ಬರಬೇಕಲ್ಲವೇ?

ಭೂಗೋಳದ ನಿವೃತ್ತ ಶಿಕ್ಷಕ, ವಿಜಯಪುರ

ಹೌದು, ಬರುವಾಗ ಎಡಬದಿ. ಅಕ್ಟೋಬರಿನ ಸಂಜೆ ಸೂರ್ಯ ಹೆಚ್ಚುಕಡಿಮೆ ವಿಮಾನದ ಮೂತಿಯ ನೇರಕ್ಕಿರುವುದರಿಂದ ಝಳ ಯಾವ ಬದಿಗೂ ಪೂರ್ತಿ ಬೀಳುವುದಿಲ್ಲ, ಓರೆ ಬೆಳಕಿನಲ್ಲಿ ಗುಳೇದಗುಡ್ಡದ ಸಾಲುಗಳ ನೆರಳು ಉದ್ದವಾಗಿ ಕಾಣುತ್ತದೆ. ಕ್ಯಾಮೆರಾದವರಿಗೂ ನನಗೂ ಆ ಹೊತ್ತಿನಲ್ಲಿ ಜಗಳವಿರಲಾರದು. ಆದರೆ ಹೊರಡುವ ಸಮಯವನ್ನು ನೋಡಿಕೊಳ್ಳಿ. ಅಕ್ಟೋಬರ್ ಕೊನೆಯಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಹೈದರಾಬಾದಿನಿಂದ ಬಾಗಲಕೋಟೆಯವರೆಗೆ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ವಿಮಾನ ಐದು ಗಂಟೆಯ ಒಳಗೆ ಏರದಿದ್ದರೆ ಎಡಬದಿಯ ಸೀಟಿಗೆ ಹೆಚ್ಚಿನ ಹಣ ಕೊಡಬೇಡಿ.